ರಸಜ್ಞತೆಯೂ ವ್ಯಸನವೂ

ಸುಖಗಳಲ್ಲಿ ಮೇಲು ಕೀಳೆಂಬ ಭೇದವುಂಟೆ? ಉಂಟಾದರೆ ಆ ಭೇದವು ಸುಖವನ್ನು ಕೊಡುವ ವಸ್ತುವಿನಲ್ಲಿರುವುದೋ, ಅದನ್ನು ಅನುಭವಿಸುವವನ ರೀತಿಯಲ್ಲಿರುವುದೋ? ಸಂಗೀತ, ಕಾವ್ಯ, ಚಿತ್ರಗಳ ವಿಷಯದಲ್ಲಿ ಈ ಪ್ರಶ್ನೆಯನ್ನು ಕೇಳಿದರೆ ಉತ್ತರವು ಸುಲಭವಾಗಿ ಬಾಯಿಗೆ ಬರುವುದು. ಏಕೆಂದರೆ ಅವುಗಳಿಂದ ಕೆಟ್ಟವರು ವಿರಳ. ಒಂದೇ ವಸ್ತುವು ಒಬ್ಬನಿಗೆ ರಸವೂ ಮತ್ತೊಬ್ಬನಿಗೆ ವಿಷವೂ ಆಗುವೆಡೆಯಲ್ಲಿ ಮಾತ್ರ ಪ್ರಶ್ನೆಯ ನಿಜವಾದ ತೊಡಕು ಗೋಚರವಾಗುವುದು. ಸ್ಕಾಟ್ಲೆಂಡ್ ದೇಶದ ವಿಸ್ಕಿಯೂ ಅದರ ಜೊತೆಗಾರನಾದ ಹೊಗೆಸೊಪ್ಪಿನ ಪೈಪೂ ಇಂತಹ ವಸ್ತುಗಳು.

ಆ ದೇಶದ ಗೃಹಸ್ಥನೊಬ್ಬನು ಚಳಿಗಾಲದ ರಾತ್ರಿ ಊಟವಾದ ಮೇಲೆ ಬೆಂಕಿಯ ಬಳಿ ಕುಳಿತು, ಗಾಜಿನ ಬಟ್ಟಲಲ್ಲಿ ತನಗೆ ಮೆಚ್ಚಿಕೆಯಾದ ವಿಸ್ಕಿಯನ್ನು ಸ್ವಲ್ಪವೇ ಬಗ್ಗಿಸಿಕೊಂಡು, ಪೈಪನ್ನು ಹೊತ್ತಿಸಿದನೆಂದು ಭಾವಿಸೋಣ. ಅವನನ್ನು ಕುಡುಕನೆಂದು ಕರೆದರೆ ಅವನು ಒಪ್ಪುವುದಿಲ್ಲ. ತಾನು ರಸಜ್ಞನೆಂದೂ, ಅಮಲನ್ನರಸುವವನಿಗೂ ರುಚಿಯನ್ನರಸುವವನಿಗೂ ಅಜಗಜಾಂತರವೆಂದೂ ವಾದಿಸುವನು. ಈ ವಾದವು ನೀತಿಯ ಕಟ್ಟೆಯ ಮುಂದೆ ಎಷ್ಟರಮಟ್ಟಿಗೆ ನಿಲ್ಲುವುದು ಎಂಬುದೇ ಇಲ್ಲಿಯ ವಿಚಾರ.

ಮೊದಲು ಅವನ ಪಕ್ಷವನ್ನು ಸಹಾನುಭೂತಿಯಿಂದ ಕೇಳಬೇಕು. ವಿಸ್ಕಿಯೆಂಬ ಹೆಸರು ಗೇಲಿಕ್ ಭಾಷೆಯಲ್ಲಿ ‘ಜೀವಜಲ’ವೆಂಬ ಅರ್ಥವುಳ್ಳ ಮಾತಿನಿಂದ ಸವೆದು ಬಂದುದು. ೧೪೯೪ರ ಸ್ಕಾಟ್ಲೆಂಡಿನ ರಾಜಭಂಡಾರದ ಲೆಕ್ಕದಲ್ಲಿ, ಜಾನ್ ಕಾರ್ ಎಂಬ ಕ್ರೈಸ್ತ ಸಂನ್ಯಾಸಿಗೆ ಜೀವಜಲವನ್ನು ತಯಾರಿಸಲು ಎಂಟು ಬೋಲ್ ಅಳತೆಯ ಮಾಲ್ಟನ್ನು ಕೊಟ್ಟ ಉಲ್ಲೇಖವಿದೆ. ಬಾರ್ಲಿಯನ್ನು ನೆನೆಸಿ, ಮೊಳೆಯಿಸಿ, ಒಣಗಿಸಿ ಮಾಲ್ಟ್ ಮಾಡುವರು. ಅದರ ರಸವನ್ನು ಹುಳಿಯಿಸಿ ತಾಮ್ರದ ಹಂಡೆಗಳಲ್ಲಿ ಸಾಮಾನ್ಯವಾಗಿ ಎರಡಾವರ್ತಿ ಬಟ್ಟಿಯಿಳಿಸುವರು. ಬಳಿಕ ಓಕ್ ಮರದ ಪೀಪಾಯಿಗಳಲ್ಲಿ ತುಂಬಿ ಇಡುವರು. ಕಾಯಿದೆಯ ಮೇರೆಗೆ ಮೂರು ವರ್ಷಗಳಾದರೂ ಆ ದೇಶದಲ್ಲಿಯೇ ಪೀಪಾಯಿಯಲ್ಲಿ ಕಳೆಯದ ಮದ್ಯಕ್ಕೆ ಸ್ಕಾಚ್ ವಿಸ್ಕಿಯೆಂಬ ಹೆಸರು ಸಲ್ಲದು. ಹತ್ತು, ಹನ್ನೆರಡು, ಹದಿನೆಂಟು ವರ್ಷಗಳನ್ನು ಕಳೆದವೂ ಉಂಟು.

ಇಷ್ಟು ಸರಳವಾದ ಸಾಮಗ್ರಿಯಿಂದ ಹುಟ್ಟುವ ವೈವಿಧ್ಯವು ಆಶ್ಚರ್ಯಕರವಾದುದು. ಐಲಾ ದ್ವೀಪದಲ್ಲಿ ಪೀಟ್ ಎಂಬ ಜೌಗುನೆಲದ ಉರುವಲಿನ ಹೊಗೆಯಲ್ಲಿ ಮಾಲ್ಟನ್ನು ಒಣಗಿಸುವ ವಾಡಿಕೆಯಿರುವುದರಿಂದ, ಅಲ್ಲಿಯ ಲಫ್ರೋಯಿಗ್, ಲಗವುಲಿನ್, ಆರ್ಡ್‌ಬೆಗ್ ಎಂಬುವುಗಳಲ್ಲಿ ಹೊಗೆ, ಕೀಲೆಣ್ಣೆ, ಔಷಧಾಲಯದ ಅಯೊಡಿನ್, ಕಡಲ ಉಪ್ಪು ಇವುಗಳ ನೆನಪನ್ನು ತರುವ ವಾಸನೆಯಿರುವುದು. ಸ್ಪೇ ನದಿಯ ಸೀಮೆಯ ಗ್ಲೆನ್‌ಲಿವೆಟ್, ಗ್ಲೆನ್‌ಫಿಡಿಕ್‌ಗಳಲ್ಲಿ ಸೇಬು ಪೇರುಹಣ್ಣುಗಳ ಸೌಮ್ಯಗುಣವಿದೆ. ಶೆರ್ರಿ ದ್ರಾಕ್ಷಾರಸದಿಂದ ಹದಗೊಂಡ ಪೀಪಾಯಿಗಳಲ್ಲಿ ಮಾಗಿದ ಮೆಕ್ಯಾಲನ್ನಿನಲ್ಲಿ ಒಣದ್ರಾಕ್ಷಿಯ ಗಾಢತೆಯಿದೆ. ಸ್ಕೈ ದ್ವೀಪದ ಟ್ಯಾಲಿಸ್ಕರಿನಲ್ಲಿ ಕರಿಮೆಣಸಿನ ಕಾರವನ್ನು ಗುರುತಿಸುವರು. ಕೆಲವು ಹನಿ ನೀರನ್ನು ಬೆರೆಸಿದೊಡನೆ ಪರಿಮಳವು ಅರಳುವುದೆಂದು ಬಲ್ಲವರು ಹೇಳುತ್ತಿದ್ದುದಕ್ಕೆ ೨೦೧೭ರಲ್ಲಿ ಸ್ವೀಡನ್ ದೇಶದ ಇಬ್ಬರು ವಿಜ್ಞಾನಿಗಳು ಗಣಕಯಂತ್ರದ ನೆರವಿನಿಂದ ಕಾರಣವನ್ನೂ ತೋರಿಸಿದರು: ನೀರು ಬೆರೆತಾಗ ಹೊಗೆಯ ರುಚಿಗೆ ಮೂಲವಾದ ಗ್ವಯಕಾಲ್ ಎಂಬ ದ್ರವ್ಯವು ಪಾನೀಯದ ಮೇಲ್ಮೈಗೆ ಏರಿಬರುವುದು.

ಪೈಪಿನ ವಿಷಯವೂ ಹೀಗೆಯೇ. ಲಟಾಕಿಯಾ ಎಂಬ ಹೊಗೆಸೊಪ್ಪನ್ನು ಕಟ್ಟಿಗೆಯ ಹೊಗೆಯಲ್ಲಿಯೇ ಹದಮಾಡುವುದರಿಂದ ಅದು ಐಲಾ ದ್ವೀಪದ ವಿಸ್ಕಿಗೆ ಒಡಹುಟ್ಟಿನಂತೆ ಹೊಂದಿಕೊಳ್ಳುವುದು. ಸ್ಪೇ ಸೀಮೆಯ ಸೌಮ್ಯವಾದುದರ ಜೊತೆಗಾದರೋ ಅದು ಎಲ್ಲವನ್ನೂ ಮುಚ್ಚಿಬಿಡುವುದು, ಅಲ್ಲಿಗೆ ವರ್ಜೀನಿಯಾ ಎಲೆಯೇ ಲೇಸು. ಪೈಪು ಆತುರಗಾರನಿಗೆ ಒಲಿಯುವ ವಸ್ತುವಲ್ಲ. ಸೊಪ್ಪನ್ನು ಕೆಳಗೆ ಸಡಿಲವಾಗಿಯೂ ಮೇಲೆ ಬಿಗಿಯಾಗಿಯೂ ತುಂಬಬೇಕು, ಒಮ್ಮೆ ಹೊತ್ತಿಸಿ, ಅದುಮಿ, ಮತ್ತೆ ಹೊತ್ತಿಸಬೇಕು, ಮೆಲ್ಲನೆ ಎಳೆಯಬೇಕು. ಅವಸರಪಟ್ಟವನ ನಾಲಗೆಯನ್ನು ಅದು ಸುಟ್ಟು ಶಿಕ್ಷಿಸುವುದು. ಹೀಗೆ ನೋಡಿದರೆ ಈ ಜೋಡಿಯು ಮನುಷ್ಯನಿಗೆ ತಾಳ್ಮೆಯನ್ನೂ ಅವಧಾನವನ್ನೂ ಕಲಿಸುವ ಒಂದು ಬಗೆಯ ಅಭ್ಯಾಸವೆಂದು ರಸಜ್ಞನು ಹೇಳಿದರೆ, ಅದರಲ್ಲಿ ಸತ್ಯಾಂಶವಿಲ್ಲವೆನ್ನಲಾಗದು.

ಅವನಿಗೆ ದೊಡ್ಡವರ ಬೆಂಬಲವೂ ಉಂಟು. ಎಡಿನ್‌ಬರೋ ನಗರದ ತತ್ತ್ವಜ್ಞಾನಿ ಡೇವಿಡ್ ಹ್ಯೂಮನು ೧೭೫೭ರಲ್ಲಿ ಅಭಿರುಚಿಯನ್ನು ಕುರಿತು ಬರೆದ ಪ್ರಬಂಧದಲ್ಲಿ ಡಾನ್ ಕ್ವಿಕ್ಸೋಟನ ಗ್ರಂಥದಿಂದ ಒಂದು ಕಥೆಯನ್ನು ಎತ್ತಿಕೊಂಡಿರುವನು. ಇಬ್ಬರು ಒಂದೇ ಪೀಪಾಯಿಯ ದ್ರಾಕ್ಷಾರಸವನ್ನು ರುಚಿನೋಡಿದರು. ರಸವು ಚೆನ್ನಾಗಿದೆ, ಆದರೆ ತೊಗಲಿನ ವಾಸನೆ ಎಂದನೊಬ್ಬನು. ಕಬ್ಬಿಣದ ವಾಸನೆ ಎಂದನು ಮತ್ತೊಬ್ಬನು. ನೆರೆದವರು ನಕ್ಕರು. ಪೀಪಾಯಿ ಬರಿದಾದಾಗ ತಳದಲ್ಲಿ ತೊಗಲಿನ ದಾರ ಕಟ್ಟಿದ ಹಳೆಯ ಬೀಗದ ಕೈಯೊಂದು ಸಿಕ್ಕಿತು. ನಾಲಗೆಯ ತೀರ್ಪಿಗೂ ಸತ್ಯಾಸತ್ಯಗಳುಂಟು, ಅದೂ ಒಂದು ಬಗೆಯ ಜ್ಞಾನವೇ ಎಂಬುದು ಈ ಕಥೆಯ ತಾತ್ಪರ್ಯ. ಕಾವ್ಯದ ಆನಂದಕ್ಕೂ ನಾಲಗೆಯ ಸವಿಗೂ ‘ರಸ’ವೆಂಬ ಒಂದೇ ಹೆಸರನ್ನಿಟ್ಟ ಭಾರತೀಯರಿಗೆ ಈ ಮಾತು ಹೊಸದೆನಿಸದು.

ಗ್ರೀಕ್ ದೇಶದ ಅರಿಸ್ಟಾಟಲನ ವಿಚಾರವು ಇನ್ನೂ ಸೂಕ್ಷ್ಮವಾದುದು. ಮದ್ಯಪರೀಕ್ಷಕನೂ ಅಡಿಗೆಯವನೂ ರುಚಿಗಳನ್ನು ಬೇರ್ಪಡಿಸಿ ಗುರುತಿಸುವರಷ್ಟೆ. ಅಸಂಯಮಿಯು ಸುಖಪಡುವುದು ಆ ಗುರುತಿಸುವಿಕೆಯಲ್ಲಲ್ಲ, ವಸ್ತುವಿನ ಸ್ಪರ್ಶದಲ್ಲಿ ಎಂದು ಅವನ ಅಭಿಪ್ರಾಯ. ಹೊಟ್ಟೆಬಾಕನೊಬ್ಬನು ತನ್ನ ಗಂಟಲು ಕೊಕ್ಕರೆಯ ಕತ್ತಿಗಿಂತಲೂ ಉದ್ದವಾಗಲೆಂದು ಬೇಡಿಕೊಂಡುದನ್ನು ಅವನು ಉದಾಹರಿಸುವನು. ನಾಲಗೆಯ ವಿವೇಕವು ಬೇರೆ, ಗಂಟಲಿನ ಆಸೆಯು ಬೇರೆ.

ರಸಜ್ಞನು ಈ ಮಾತನ್ನು ತನ್ನ ಪರವಾದ ಸಾಕ್ಷ್ಯವೆಂದು ಭಾವಿಸುವನು. ಆದರೆ ಅದೇ ಸಾಕ್ಷ್ಯವು ಅವನಿಗೆ ಪ್ರತಿಕೂಲವಾಗಿಯೂ ತಿರುಗಬಲ್ಲುದು. ವಿಸ್ಕಿಯ ಕಾರ್ಖಾನೆಗಳಲ್ಲಿ ಪೀಪಾಯಿಗಳ ಗುಣವನ್ನು ನಿರ್ಣಯಿಸುವ ಮಿಶ್ರಣತಜ್ಞನಿಗಿಂತ ಮಿಗಿಲಾದ ರಸಜ್ಞನು ಯಾರು? ಅವನು ವಿಸ್ಕಿಗೆ ನೀರು ಬೆರೆಸಿ, ಮದ್ಯಸಾರವನ್ನು ನೂರಕ್ಕೆ ೨೦ರಷ್ಟಕ್ಕೆ ಇಳಿಸಿ, ಬಹುಮಟ್ಟಿಗೆ ಮೂಗಿನಿಂದಲೇ ಪರೀಕ್ಷಿಸುವನು. ಅರಿಯುವುದೇ ಗುರಿಯಾಗಿದ್ದರೆ ಬೆಂಕಿಯ ಬಳಿ ಕುಳಿತ ಗೃಹಸ್ಥನಿಗೂ ಮೂಗೇ ಸಾಕಾಗಬೇಕಾಗಿತ್ತು. ಗಂಟಲಿಗೆ ಇಳಿದ ಮೇಲೆ ಏಳುವ ಕೊನೆಯ ಪರಿಮಳವನ್ನೂ ತಿಳಿಯಬೇಕೆಂದರೆ ಒಂದೆರಡು ಗುಟುಕು ಸಾಕು. ಮೂರನೆಯ ಬಟ್ಟಲು ಮೊದಲನೆಯದು ಹೇಳದಿದ್ದ ಯಾವ ಸಂಗತಿಯನ್ನೂ ಹೇಳುವುದಿಲ್ಲ. ಕೇಳುವ ಕಿವಿಯನ್ನೇ ಮಂದಮಾಡುವುದು. ಬೇರೆ ಕಲೆಗಳ ಅಭ್ಯಾಸದಿಂದ ಗ್ರಹಣಶಕ್ತಿಯು ಚುರುಕಾಗುವುದು. ಒಂದು ರಾತ್ರಿಯಲ್ಲಿ ಹತ್ತು ಕೀರ್ತನೆಗಳನ್ನು ಕೇಳಿದವನ ಕಿವಿ ಹನ್ನೊಂದನೆಯದಕ್ಕೆ ಇನ್ನಷ್ಟು ಸಿದ್ಧವಾಗಿರಬಹುದು. ಮದ್ಯವಾದರೋ ತನ್ನ ಗುಣವನ್ನು ತೂಗಬೇಕಾದ ನ್ಯಾಯಾಧಿಪತಿಗೇ ಲಂಚ ಕೊಡುವ ವಸ್ತು. ಆದುದರಿಂದ ರಸಜ್ಞತೆಯೆಂಬ ವಾದವು ಮೊದಲನೆಯ ಬಟ್ಟಲಿನವರೆಗೆ ಅವನೊಡನೆ ನಡೆದುಬಂದು, ಅಲ್ಲಿಂದ ಮುಂದೆ ಅವನನ್ನು ಬಿಟ್ಟು ನಿಲ್ಲುವುದು. ಅಲ್ಲಿಂದಾಚೆಗೆ ಅವನು ಹೋದರೆ ರಸದ ಹೆಸರಿನಲ್ಲಿ ಹೋಗಲಾಗದು.

ವೈದ್ಯರ ಮಾತನ್ನೂ ಮರೆಯುವಂತಿಲ್ಲ. ಸ್ಕಾಟ್ಲೆಂಡಿನ ದೊರೆಯಾಗಿದ್ದು ಇಂಗ್ಲೆಂಡಿನ ಪಟ್ಟಕ್ಕೂ ಬಂದ ಜೇಮ್ಸನು ೧೬೦೪ರಲ್ಲಿಯೇ ಹೊಗೆಸೊಪ್ಪನ್ನು ಖಂಡಿಸಿ ಪುಸ್ತಕವನ್ನು ಬರೆದನು. ಅದರ ಮೇಲಿನ ಸುಂಕವನ್ನೂ ವಿಪರೀತವಾಗಿ ಏರಿಸಿದನು. ಅಂದು ಅದು ಅರಸನ ಹಟವೆನಿಸಿತು. ೧೯೫೦ರಲ್ಲಿ ಡಾಲ್ ಮತ್ತು ಹಿಲ್ ಎಂಬ ಆಂಗ್ಲ ಸಂಶೋಧಕರು ಧೂಮಪಾನಕ್ಕೂ ಶ್ವಾಸಕೋಶದ ಅರ್ಬುದರೋಗಕ್ಕೂ ಇರುವ ಸಂಬಂಧವನ್ನು ತೋರಿಸಿದ ಬಳಿಕ ಹಟವೆನ್ನಲು ಎಡೆಯುಳಿಯಲಿಲ್ಲ. ಹೊಗೆಯನ್ನು ಒಳಗೆಳೆಯದ ಪೈಪುಗಾರನಿಗೂ ಬಾಯಿ ಗಂಟಲುಗಳ ಅರ್ಬುದದ ಭಯವು ತಪ್ಪಿದ್ದಲ್ಲ. ಮದ್ಯದಲ್ಲಿ ಆರೋಗ್ಯಕ್ಕೆ ನಿರಪಾಯವಾದ ಪ್ರಮಾಣವೆಂಬುದೇ ಇಲ್ಲವೆಂದು ೨೦೨೩ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಸಾರಿತು. ತನ್ನ ದೇಹಕ್ಕೆ ತಾನೇ ಒಡೆಯನೆಂದು ರಸಜ್ಞನು ಇದಕ್ಕೆ ಉತ್ತರ ಕೊಡಬಹುದು. ಪರ್ವತವನ್ನು ಏರುವವನೂ ಅಪಾಯವನ್ನು ಅರಿತೇ ಏರುವನೆಂಬುದು ನಿಜ.

ಆದರೆ ಸುಖದ ಬೆಲೆಯನ್ನು ಯಾವಾಗಲೂ ಸುಖಪಟ್ಟವನೇ ತೆರುವನೆ? ಹದಿನೆಂಟನೆಯ ಶತಮಾನದಲ್ಲಿ ಗ್ಲಾಸ್ಗೋ ನಗರದ ವರ್ತಕರು ವರ್ಜೀನಿಯಾ, ಮೇರಿಲ್ಯಾಂಡ್‌ಗಳ ಹೊಗೆಸೊಪ್ಪಿನ ವ್ಯಾಪಾರದಿಂದ ಕುಬೇರರಾದರು. ಗ್ಲಾಸ್‌ಫರ್ಡ್, ಬ್ಯುಕ್ಯಾನನ್ ಎಂಬವರ ಹೆಸರುಗಳನ್ನು ಇಂದಿಗೂ ಅಲ್ಲಿಯ ಬೀದಿಗಳು ಹೊತ್ತಿವೆ. ಆ ಸೊಪ್ಪನ್ನು ಬೆಳೆದ ಆಫ್ರಿಕದ ಗುಲಾಮರ ಹೆಸರನ್ನು ಹೊತ್ತ ಬೀದಿಗಳು ಎಲ್ಲಿ? ಅಂದು ನೆಮ್ಮದಿಯಿಂದ ಹೊಗೆಯ ಸುರುಳಿಗಳನ್ನು ನೋಡುತ್ತ ತತ್ತ್ವಚಿಂತನೆ ಮಾಡಿದವನ ಸಂಯಮವು ಎಷ್ಟೇ ದೊಡ್ಡದಾಗಿದ್ದರೂ ಅದರ ಲೆಕ್ಕದಲ್ಲಿ ಈ ಸಾಲವು ಬರೆಯದೆ ಉಳಿದಿತ್ತು. ಹತ್ತಿರದ ಸಾಲಗಳೂ ಉಂಟು. ಒಬ್ಬನ ಹೊಗೆಯನ್ನು ಮತ್ತೊಬ್ಬನು ಉಸಿರಾಡಬೇಕಾಗಿದ್ದುದರಿಂದಲೇ ೨೦೦೬ರಲ್ಲಿ ಸ್ಕಾಟ್ಲೆಂಡಿನ ಪಾನಗೃಹಗಳೊಳಗೆ ಧೂಮಪಾನವು ನಿಷಿದ್ಧವಾಯಿತು. ಅಗ್ಗದ ಮದ್ಯವು ಬಡವರ ಮನೆಗಳನ್ನು ಹಾಳುಮಾಡುತ್ತಿದ್ದುದರಿಂದಲೇ ೨೦೧೮ರಲ್ಲಿ ಮದ್ಯಕ್ಕೆ ಕನಿಷ್ಠ ಬೆಲೆಯನ್ನು ಅಲ್ಲಿಯ ಸರಕಾರವು ಗೊತ್ತುಮಾಡಿತು. ವಿಸ್ಕಿಯನ್ನು ಹೊಗಳಿ ಕವಿತೆ ಬರೆದ ರಾಬರ್ಟ್ ಬರ್ನ್ಸನೇ ೧೭೮೯ರಿಂದ ಅಬಕಾರಿ ಅಧಿಕಾರಿಯಾಗಿ ಅದರ ಸುಂಕವನ್ನು ಕಾದನು. ಒಂದೇ ಎದೆಯಲ್ಲಿ ಮೆಚ್ಚಿಕೆಯೂ ಕಾವಲೂ ಇರಬಲ್ಲವೆಂಬುದಕ್ಕೆ ಅದೊಂದು ದೃಷ್ಟಾಂತವೆನ್ನಬಹುದು.

ಕಾಮದಿಂದ ಹುಟ್ಟುವ ವ್ಯಸನಗಳು ಹತ್ತೆಂದು ಎಣಿಸಿದ ಮನುಸ್ಮೃತಿಯು ಅವುಗಳಲ್ಲಿ ಪಾನವನ್ನು ಅತಿ ಕ್ರೂರವಾದವುಗಳ ಸಾಲಿಗೆ ಸೇರಿಸಿದೆ. ಆ ಪಟ್ಟಿಯಲ್ಲಿ ಮದ್ಯದ ಜೊತೆಗೆ ಬೇಟೆ, ಗೀತ, ನೃತ್ಯ, ವಾದ್ಯಗಳೂ ಇರುವುದು ಗಮನಾರ್ಹ. ಗೀತವು ತಾನಾಗಿ ದೋಷವಲ್ಲ. ಅದಕ್ಕೆ ಅಂಟಿಕೊಂಡು ಕರ್ತವ್ಯವನ್ನು ತೊರೆದಾಗ ಅದೂ ವ್ಯಸನವೇ. ಹಾಗೆಯೇ ನಯವಾದ ಅಭಿರುಚಿಯು ಮದ್ಯಕ್ಕೆ ಅಂಟಿಕೊಂಡ ಮಾತ್ರಕ್ಕೆ ವ್ಯಸನವು ಗುಣವಾಗಿ ಮಾರ್ಪಡುವುದಿಲ್ಲ.

ಈ ವಿಚಾರವನ್ನು ವಿಸ್ಕಿಯ ಸ್ವಭಾವದಿಂದಲೇ ಕಲಿಯಬಹುದು. ಪೀಪಾಯಿಯಲ್ಲಿ ಮಾಗುವಾಗ ಅದು ವರ್ಷವರ್ಷವೂ ಆವಿಯಾಗಿ ಕಡಿಮೆಯಾಗುವುದು. ಸ್ಕಾಟ್ಲೆಂಡಿನಲ್ಲಿ ವರ್ಷಕ್ಕೆ ನೂರಕ್ಕೆ ಸುಮಾರು ೨ರಷ್ಟು ಹೋಗುವುದೆಂದು ಲೆಕ್ಕ. ಹನ್ನೆರಡು ವರ್ಷಗಳಲ್ಲಿ ಐದರಲ್ಲೊಂದು ಪಾಲು ಗಾಳಿಯ ಪಾಲಾಗುವುದು. ಅದನ್ನು ಅಲ್ಲಿಯವರು ದೇವದೂತರ ಪಾಲೆಂದು ಕರೆಯುವರು. ಬೆಂಗಳೂರಿನ ಅಮೃತ್ ಕಾರ್ಖಾನೆಯವರು ತಮ್ಮ ಮಾಲ್ಟ್ ವಿಸ್ಕಿಯನ್ನು ೨೦೦೪ರಲ್ಲಿ ಗ್ಲಾಸ್ಗೋ ನಗರಕ್ಕೇ ಒಯ್ದು ಮೊದಲು ಮಾರಾಟಕ್ಕಿಟ್ಟರು. ಬೆಂಗಳೂರಿನ ಹವೆಯಲ್ಲಿ ಈ ನಷ್ಟವು ವರ್ಷಕ್ಕೆ ನೂರಕ್ಕೆ ೧೦ಕ್ಕೂ ಮಿಗುವುದು. ಎಲ್ಲಿ ಮಾಡಿದರೂ ಕಾಯದೆ, ಕಳೆದುಕೊಳ್ಳದೆ, ಆ ರುಚಿಯು ಹುಟ್ಟುವುದಿಲ್ಲ. ಮಾಡಿದವನು ಹನ್ನೆರಡು ವರ್ಷ ಕಾದು, ಐದರಲ್ಲೊಂದು ಪಾಲನ್ನು ಬಿಟ್ಟುಕೊಟ್ಟ ವಸ್ತುವನ್ನು, ಕುಡಿಯುವವನು ಒಂದು ಗಳಿಗೆ ಕಾಯಲಾರದೆ, ಒಂದು ಹನಿಯನ್ನೂ ಬಿಡಲಾರದೆ ನುಂಗಿದರೆ, ಅವನು ಅದರ ರುಚಿಯನ್ನೂ ಪಡೆದಂತಾಗಲಿಲ್ಲ.

ಹಾಗಾದರೆ ತೀರ್ಪೇನು? ಮುಟ್ಟದವನು ಮುಟ್ಟದಿರುವುದೇ ಕ್ಷೇಮವೆಂಬುದು ವೈದ್ಯಕ್ಕೂ ನೀತಿಗೂ ಒಪ್ಪುವ ಮಾತು. ಆ ಗೃಹಸ್ಥನ ಕೈಯಿಂದ ಬಟ್ಟಲನ್ನು ಕಿತ್ತುಕೊಳ್ಳುವುದು ಮಾತ್ರ ಈ ವಿಚಾರದ ಉದ್ದೇಶವಲ್ಲ. ಅವನು ತನ್ನ ರಸಜ್ಞತೆಯನ್ನು ತನಗೆ ದೊರೆತ ವಿನಾಯಿತಿಯೆಂದು ತಿಳಿಯಬಾರದು. ಅದು ತಾನು ಹೊತ್ತ ಹೊಣೆಯೆಂದು ತಿಳಿಯಬೇಕು. ರುಚಿಯನ್ನು ಬಲ್ಲೆನೆಂದವನು ಅದರ ಕೊನೆಯನ್ನೂ ಬಲ್ಲವನಾಗಿರಬೇಕು. ಅದಕ್ಕಾಗಿ ಯಾರು ಏನನ್ನು ತೆತ್ತರೆಂಬುದನ್ನೂ, ತನ್ನ ಮನೆಯವರು ಈಗ ಏನನ್ನು ತೆರುತ್ತಿರುವರೆಂಬುದನ್ನೂ ಅರಿತವನಾಗಿರಬೇಕು. ಅವನು ಯಾವ ವಿಸ್ಕಿಯನ್ನು ಮೆಚ್ಚಿದನೆಂಬುದರಿಂದ ಅವನ ಅಭಿರುಚಿಯು ತಿಳಿಯುವುದು. ಬಟ್ಟಲನ್ನು ಯಾವಾಗ ಕೆಳಗಿಟ್ಟನೆಂಬುದರಿಂದ ಅವನ ಯೋಗ್ಯತೆಯು ತಿಳಿಯುವುದು.