ದೇವರ ಎದುರಿನ ನಗು

ಪ್ಯಾರಿಸ್‌ನ ಬೂಫ್-ಪಾರಿಸಿಯೆನ್ ರಂಗಮಂದಿರದಲ್ಲಿ 1858ರ ಅಕ್ಟೋಬರ್ 21ರಂದು ಮೊದಲ ಪ್ರದರ್ಶನ ಕಂಡ ‘ಪಾತಾಳದಲ್ಲಿ ಆರ್ಫಿಯಸ್’ ಒಂದು ಆಪೆರೆಟಾ, ಅಂದರೆ ಹಾಡು, ಮಾತು, ಕುಣಿತಗಳನ್ನು ಬೆರೆಸಿದ ಹಗುರ ಧಾಟಿಯ ಸಂಗೀತನಾಟಕ. ಜಾಕ್ ಆಫೆನ್‌ಬಾಕ್ (1819–1880) ಸಂಗೀತ ನೀಡಿದ ಈ ನಾಟಕದಲ್ಲಿ ಗ್ರೀಕ್ ಪುರಾಣದ ಮಹಾಗಾಯಕ ಆರ್ಫಿಯಸ್ ಪಿಟೀಲು ಮೇಷ್ಟ್ರಾಗಿ ಬರುತ್ತಾನೆ. ಹೆಂಡತಿ ಸತ್ತದ್ದಕ್ಕೆ ಒಳಗೊಳಗೇ ಸಮಾಧಾನಪಡುವ ಅವನನ್ನು ‘ಲೋಕಾಭಿಪ್ರಾಯ’ ಎಂಬ ಪಾತ್ರವೊಂದು ಗದರಿಸಿ, ಆಕೆಯನ್ನು ಕರೆತರಲು ಒತ್ತಾಯದಿಂದ ಹೊರಡಿಸುತ್ತದೆ. ದೇವತೆಗಳು ದಿನವೂ ಅದೇ ಅಮೃತ ಸೇವಿಸಿ ಬೇಸತ್ತು ದಂಗೆಯೇಳುತ್ತಾರೆ, ದೇವರಾಜ ಜುಪಿಟರ್ ಪರಸ್ತ್ರೀಯ ಕೋಣೆ ಸೇರಲು ನೊಣವಾಗಿ ಬೀಗದ ಕಿಂಡಿಯಲ್ಲಿ ನುಸುಳುತ್ತಾನೆ. ಪವಿತ್ರವಾದ ಪ್ರಾಚೀನತೆಗೆ ಇದು ಅಪಚಾರವೆಂದು ಜೂಲ್ ಜಾನೆನ್ ಎಂಬ ವಿಮರ್ಶಕ ಖಂಡಿಸಿದ. ಆ ಖಂಡನೆಯಿಂದಲೇ ಜನರ ಕುತೂಹಲ ಕೆರಳಿ, ನಾಟಕದ ಪ್ರದರ್ಶನಗಳು ಇನ್ನೂರರ ಗಡಿ ದಾಟಿದವು.

ಆದರೆ ಈ ವಿವಾದದಲ್ಲಿ ಧರ್ಮದ ಪ್ರಶ್ನೆ ನಿಜವಾಗಿ ಏಳಲೇ ಇಲ್ಲ. ಜುಪಿಟರನಿಗೆ ದೀಪ ಹಚ್ಚುವವರು, ಹರಕೆ ಹೊರುವವರು ಆ ಹೊತ್ತಿಗೆ ಪ್ಯಾರಿಸಿನಲ್ಲಿ ಇರಲಿಲ್ಲ; ಜಾನೆನ್ ಮರುಗಿದ್ದು ಶಾಲೆಯಲ್ಲಿ ಓದಿದ ಕಾವ್ಯದ ಘನತೆಗಾಗಿಯೇ ಹೊರತು ಮನೆದೇವರಿಗಾಗಿ ಅಲ್ಲ. ಪೂಜೆ ನಿಂತುಹೋದ ದೇವರನ್ನು ನಗೆಯಾಡುವುದು ಸುಲಭ. ಪೂಜೆ ನಡೆಯುತ್ತಿರುವ ದೇವರ ಎದುರಿನಲ್ಲೇ, ಪೂಜಿಸುವವರೇ, ಆ ದೇವರನ್ನು ಕುರಿತು ನಗಬಹುದೇ, ನಕ್ಕರೆ ಭಕ್ತಿಯು ಕುಂದುತ್ತದೆಯೇ ಎಂಬುದು ಕಠಿಣವಾದ ಪ್ರಶ್ನೆ, ಮತ್ತು ಅದಕ್ಕೆ ಉತ್ತರವನ್ನು ಹುಡುಕಲು ಬೆಂಗಳೂರಿನ ಉತ್ತರ ಭಾಗವು ಪ್ಯಾರಿಸ್‌ಗಿಂತ ತಕ್ಕ ಜಾಗ.

ಹೆಬ್ಬಾಳ, ಯಶವಂತಪುರ, ಆರ್.ಟಿ. ನಗರಗಳ ಸುತ್ತಲಿನ ಹಳ್ಳಿಗಳು ಮಹಾನಗರದಲ್ಲಿ ಕರಗಿಹೋಗಿದ್ದರೂ, ಯಲಹಂಕದಿಂದ ದೊಡ್ಡಬಳ್ಳಾಪುರ, ದೇವನಹಳ್ಳಿಗಳ ಕಡೆಗೆ ಹರಡಿರುವ ಸೀಮೆಯಲ್ಲಿ ಪೌರಾಣಿಕ ನಾಟಕದ ಗೀಳು ಇನ್ನೂ ಆರಿಲ್ಲ. ಜಾತ್ರೆಗೋ ಹಬ್ಬಕ್ಕೋ ಊರಿನ ರೈತರು, ನೌಕರರು, ಅಂಗಡಿಯವರು ಸೇರಿ ತಮ್ಮದೇ ಖರ್ಚಿನಲ್ಲಿ ‘ಕುರುಕ್ಷೇತ್ರ’ವನ್ನು ಆಡುತ್ತಾರೆ, ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಕಂದ, ವೃತ್ತಗಳನ್ನು ರಾಗಕ್ಕೆ ಕೂರಿಸಿ ಕಲಿಸುತ್ತಾರೆ, ಪರದೆ, ಕಿರೀಟ, ಗದೆಗಳು ಡ್ರಾಮಾ ಸೀನರಿಯವರಿಂದ ಬಾಡಿಗೆಗೆ ಬರುತ್ತವೆ. ಕೃಷ್ಣ, ದುರ್ಯೋಧನರಂಥ ಪಾತ್ರಗಳಿಗೆ ಆಸೆಪಡುವವರು ಹೆಚ್ಚಾದ್ದರಿಂದ ಒಂದೇ ರಾತ್ರಿಯಲ್ಲಿ ಒಂದನೆಯ ಕೃಷ್ಣ, ಎರಡನೆಯ ಕೃಷ್ಣ ಎಂದು ಪಾತ್ರವನ್ನು ಹಂಚಿಕೊಳ್ಳುವುದೂ ಉಂಟು. ಪರದೆ ಏಳುವ ಮುನ್ನ ತೆಂಗಿನಕಾಯಿ ಒಡೆದು ಕರ್ಪೂರ ಬೆಳಗುತ್ತಾರೆ, ಕೃಷ್ಣನ ಪಾತ್ರಧಾರಿ ಬಂದಾಗ ನಂಟರು, ಗೆಳೆಯರು ರಂಗವನ್ನೇರಿ ಹಾರ ಹಾಕುತ್ತಾರೆ, ಪದ್ಯ ಮೆಚ್ಚಿಕೆಯಾದರೆ ‘ಒನ್ಸ್ ಮೋರ್’ ಎಂಬ ಕೂಗಿಗೆ ಮಹಾಭಾರತದ ಕಾಲವೇ ನಿಂತು ಅದೇ ಪದ್ಯ ಮತ್ತೊಮ್ಮೆ ಕೇಳಿಬರುತ್ತದೆ.

ಈ ನಾಟಕಗಳ ಶಯನ ದೃಶ್ಯವನ್ನು ಗಮನಿಸಬೇಕು. ಯುದ್ಧಕ್ಕೆ ನೆರವು ಬೇಡಲು ಬಂದ ದುರ್ಯೋಧನನು ಕೃಷ್ಣನ ತಲೆಯ ಬಳಿಯೂ ಅರ್ಜುನನು ಕಾಲ ಬಳಿಯೂ ಕಾದಿದ್ದಾರೆ, ಕೃಷ್ಣನದು ಕಳ್ಳನಿದ್ರೆ ಎಂಬುದು ದುರ್ಯೋಧನನೊಬ್ಬನನ್ನು ಬಿಟ್ಟು ಇಡೀ ಸಭೆಗೆ ಗೊತ್ತು. ದೇವರು ನಟಿಸುತ್ತಿದ್ದಾನೆಂದು ಜನ ನಗುತ್ತಾರೆ, ಅವನ ಜಾಣತನಕ್ಕೂ ಮೋಸಕ್ಕೂ ಒಟ್ಟಿಗೇ ನಗುತ್ತಾರೆ, ಗಳಿಗೆ ಕಳೆದು ಅದೇ ಕೃಷ್ಣ ಅಭಯ ನೀಡುವಾಗ ಮುಂದಿನ ಸಾಲಿನ ಮುದುಕಿ ಕೈಮುಗಿದರೆ ಯಾರಿಗೂ ವಿಚಿತ್ರವೆನಿಸುವುದಿಲ್ಲ. ಇದೇ ಸೀಮೆಯ ಹಳೆಯ ಪ್ರಕಾರವಾದ ಮೂಡಲಪಾಯ ಬಯಲಾಟದಲ್ಲಿ, ಎಂದರೆ ಬಯಲುಸೀಮೆಯ ಯಕ್ಷಗಾನದಲ್ಲಿ, ಸಾರಥಿಯೆಂಬ ಹಾಸ್ಯಗಾರನು ರಂಗಕ್ಕೆ ಬಂದ ರಾಜನನ್ನೂ ದೇವತೆಯನ್ನೂ ಊರಿನ ಆಡುಮಾತಿನಲ್ಲಿ ಅಡ್ಡಗಟ್ಟಿ, ನೀವು ಯಾರು, ಎಲ್ಲಿಂದ ಬಂದಿರಿ ಎಂದು ವಿಚಾರಿಸುತ್ತಾನೆ. ಊರಿಗೆ ಬಂದ ದೊಡ್ಡವರು ಮೊದಲು ಊರಿನವರ ಮಾತಿಗೆ ಉತ್ತರಿಸಬೇಕು ಎಂಬ ಈ ಏರ್ಪಾಟು ಕೇವಲ ರಂಗತಂತ್ರವಲ್ಲ. ದೇವರು ಮತ್ತು ಮನುಷ್ಯರ ನಡುವಿನ ನಂಟನ್ನು ಕುರಿತ ಒಂದು ನಿಲುವು ಅದರಲ್ಲಿದೆ.

ಫ್ರಾನ್ಸಿನ ತತ್ತ್ವಜ್ಞಾನಿ ಹೆನ್ರಿ ಬರ್ಗ್ಸನ್ ನಗುವನ್ನು ಕುರಿತು 1900ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ನಗು ಹುಟ್ಟಬೇಕಾದರೆ ಹೃದಯ ಗಳಿಗೆಯ ಮಟ್ಟಿಗಾದರೂ ಮರಗಟ್ಟಬೇಕು, ಭಾವುಕತೆಯೇ ನಗುವಿನ ದೊಡ್ಡ ಶತ್ರು ಎಂದು ವಾದಿಸುತ್ತಾನೆ. ಆಫೆನ್‌ಬಾಕ್‌ನ ಜುಪಿಟರನಿಗೆ ಈ ಮಾತು ಚೆನ್ನಾಗಿ ಒಪ್ಪುತ್ತದೆ, ಏಕೆಂದರೆ ಅವನಿಗಾಗಿ ಮಿಡಿಯುವ ಹೃದಯ ಸಭೆಯಲ್ಲಿ ಇರಲಿಲ್ಲ. ಕುರುಕ್ಷೇತ್ರದ ಸಭೆಗೆ ಅದು ಒಪ್ಪುವುದಿಲ್ಲ. ಅಲ್ಲಿ ನಗುವ ಹೃದಯವೂ ಕರಗುವ ಹೃದಯವೂ ಒಂದೇ, ಮತ್ತು ಕೃಷ್ಣನ ಮೇಲಿನ ಪ್ರೀತಿ ಕಡಿಮೆಯಿದ್ದವನಿಗೆ ಅವನ ಕಳ್ಳನಿದ್ರೆಯಲ್ಲಿ ಅಷ್ಟೊಂದು ಸೊಗಸು ಕಾಣುವುದೂ ಸಾಧ್ಯವಿಲ್ಲ. ಭರತನ ನಾಟ್ಯಶಾಸ್ತ್ರವು ಹಾಸ್ಯರಸದ ಹುಟ್ಟನ್ನು ಶೃಂಗಾರದಲ್ಲಿ, ಅಂದರೆ ಪ್ರೀತಿಯ ರಸದಲ್ಲಿ, ಗುರುತಿಸಿದ್ದು ಈ ಅನುಭವಕ್ಕೆ ಬರ್ಗ್ಸನ್‌ನ ವಾದಕ್ಕಿಂತ ಎಷ್ಟೋ ಹತ್ತಿರವಾಗಿದೆ.

ಕನ್ನಡದ ಭಕ್ತಿ ಸಾಹಿತ್ಯವೂ ಇದನ್ನು ಬಲ್ಲದು. ಬೈಯುವ ನೆಪದಲ್ಲಿ ಹೊಗಳುವ ರಚನೆಗೆ ನಿಂದಾಸ್ತುತಿ ಎನ್ನುತ್ತಾರೆ. ವಿಠ್ಠಲನಿಗೆ ಕರುಣಾಳು ಎಂಬ ಬಿರುದು ಏಕೆ ಬೇಕಿತ್ತೆಂದು ಪುರಂದರದಾಸರು ಜಗಳಕ್ಕೆ ನಿಲ್ಲುವುದು ಇಂಥ ಕೀರ್ತನೆಗಳಲ್ಲಿ. ಹಾಗೆ ಜಗಳವಾಡಲು ಸಲಿಗೆ ಬೇಕು, ಮತ್ತು ಸಲಿಗೆಯು ನಂಬಿಕೆಯ ಸಡಿಲಿಕೆಯಲ್ಲ, ನಂಬಿಕೆ ಪೂರ್ತಿ ಬಲಿತ ಮೇಲೆ ದೊರೆಯುವ ಅಧಿಕಾರ. ಭಯವೊಂದನ್ನೇ ಭಕ್ತಿಯೆಂದು ತಿಳಿದವರಿಗೆ ಈ ಅಧಿಕಾರ ಎಂದಿಗೂ ದೊರೆಯುವುದಿಲ್ಲ.

ಹಾಗೆಂದು ಎಲ್ಲ ನಗುವೂ ಸಲಿಗೆಯ ನಗುವಲ್ಲ. ನಾಟ್ಯಶಾಸ್ತ್ರದ ಕೊನೆಯ ಭಾಗದಲ್ಲಿ ನಟರಾದ ಭರತನ ಮಕ್ಕಳು ತಮ್ಮ ವಿದ್ಯೆಯ ಮದದಿಂದ ಋಷಿಗಳನ್ನು ಅಣಕಿಸಿ ಆಡಿ, ಶೂದ್ರರಾಗಿ ಎಂಬ ಶಾಪವನ್ನು ಪಡೆಯುವ ಕಥೆಯಿದೆ. ಈ ಕಥೆಯನ್ನು ಇಂದು ಎಚ್ಚರದಿಂದ ಓದಬೇಕಾಗಿದೆ. ಕೀಳು ಮಾಡುವುದನ್ನೇ ಶಿಕ್ಷೆಯೆಂದು ಬಗೆಯುವ ಆ ಶಾಪದಲ್ಲಿ ಹುಟ್ಟಿನ ಮೇಲುಕೀಳನ್ನು ಸಹಜವೆಂದು ಒಪ್ಪಿರುವ ಮನಸ್ಸು ಇದೆ, ಅದನ್ನು ಒಪ್ಪಲಾಗದು. ದಲಿತ ಕೇರಿಗಳ ತಂಡಗಳೂ ಇದೇ ಪೌರಾಣಿಕ ನಾಟಕಗಳನ್ನು ಆಡುತ್ತ ಬಂದಿವೆ, ಗುಡಿಯ ಹೊಸಿಲಿನಾಚೆ ನಿಲ್ಲಿಸಲ್ಪಟ್ಟವರು ರಂಗದ ಮೇಲೆ ಕೃಷ್ಣನಾಗಿ ನಿಂತು ನಮಸ್ಕಾರ ಸ್ವೀಕರಿಸಿದ್ದು ಆ ಶಾಪಕ್ಕೆ ದೊರೆತ ಉತ್ತರ. ಆದರೂ ಕಥೆಯೊಳಗೆ ಉಳಿದುಕೊಳ್ಳುವ ವಿವೇಕವೊಂದಿದೆ: ಆ ನಟರನ್ನು ಕೆಡಿಸಿದ್ದು ನಗುವಲ್ಲ, ನಗುವ ವಸ್ತುವಿಗಿಂತ ತಾವು ಮೇಲೆ ನಿಂತಿದ್ದೇವೆಂಬ ಮದ. ಗುಬ್ಬಿ ನಾಟಕ ಕಂಪನಿಯ ವೀರಣ್ಣನವರು (1891–1972) ‘ಸದಾರಮೆ’ ನಾಟಕದ ಕಳ್ಳನಾಗಿ ನಾಡನ್ನೆಲ್ಲ ನಗಿಸಿದರು, ಆ ಕಳ್ಳನಲ್ಲಿ ಯಾರ ಮೇಲೂ ತಿರಸ್ಕಾರವಿರಲಿಲ್ಲವಾದ್ದರಿಂದಲೇ ಆ ನಗು ತಲೆಮಾರುಗಳವರೆಗೆ ನೆನಪಿನಲ್ಲಿ ಉಳಿಯಿತು.

ಸಲಿಗೆಗೂ ತಿರಸ್ಕಾರಕ್ಕೂ ನಡುವಿನ ಈ ವ್ಯತ್ಯಾಸವನ್ನು ಕಾನೂನು ಉದ್ದೇಶದ ಮೂಲಕ ಗುರುತಿಸಲು ಯತ್ನಿಸುತ್ತದೆ. 1927ರಲ್ಲಿ ಭಾರತೀಯ ದಂಡ ಸಂಹಿತೆಗೆ ಸೇರಿದ 295ಎ ಕಲಮು, ಮತ್ತು 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 299ನೆಯ ಕಲಮು, ಧಾರ್ಮಿಕ ಭಾವನೆಯನ್ನು ಬುದ್ಧಿಪೂರ್ವಕವಾಗಿ, ದುರುದ್ದೇಶದಿಂದ ಕೆರಳಿಸುವುದನ್ನು ಅಪರಾಧವೆನ್ನುತ್ತವೆ. ಆದರೆ ಉದ್ದೇಶವು ಒಬ್ಬನ ಮನಸ್ಸಿನಲ್ಲಿರುವಂಥದ್ದು, ಸಲಿಗೆಯಾದರೋ ಒಂದು ಊರಿನ ಜನ ಮತ್ತು ಅವರ ದೇವರ ನಡುವೆ ಕಾಲಾಂತರದಲ್ಲಿ ಬೆಳೆದಂಥದ್ದು, ಹೊಸಬನ ಕಣ್ಣಿಗೆ ಅದು ಬೀಳುವುದಿಲ್ಲ. ಯಲಹಂಕದಂಥ ಕಡೆ ಈಗ ನಾನಾ ರಾಜ್ಯಗಳ, ನಾನಾ ಮತಗಳ ಜನ ನೆಲೆಸಿದ್ದಾರೆ. ರಾತ್ರಿಯಿಡೀ ಕುಳಿತು ಕರ್ಪೂರವನ್ನೂ ಕಳ್ಳನಿದ್ರೆಯನ್ನೂ ಒಟ್ಟಿಗೆ ಕಂಡವನಿಗೆ ಸಹಜವೆನಿಸಿದ್ದು, ಮೊಬೈಲ್‌ನಲ್ಲಿ ಅರ್ಧ ನಿಮಿಷದ ತುಣುಕನ್ನು ನೋಡಿದವನಿಗೆ ದೇವರ ಅವಹೇಳನವಾಗಿ ಕಾಣಬಹುದು.

ಹಾಗೆ ಕಂಡವನ ನೋವನ್ನು ಸುಳ್ಳೆಂದು ತಳ್ಳಿಹಾಕುವುದು ನ್ಯಾಯವಲ್ಲ, ಅದಕ್ಕೆ ಹೆದರಿ ಸಾರಥಿಯ ಬಾಯಿ ಕಟ್ಟುವುದೂ ನ್ಯಾಯವಲ್ಲ. ನಾಟ್ಯಶಾಸ್ತ್ರದ ಮೊದಲ ಅಧ್ಯಾಯದಲ್ಲಿ ಇಂದ್ರಧ್ವಜದ ಉತ್ಸವದಂದು ಆಡಿದ ಮೊಟ್ಟಮೊದಲ ನಾಟಕವು ದೈತ್ಯರ ಸೋಲನ್ನು ತೋರಿಸಿದಾಗ ಅವರು ಕೆರಳಿ ನಟರ ಮಾತು, ಚಲನೆ, ನೆನಪುಗಳನ್ನೇ ಸ್ತಂಭನಗೊಳಿಸುತ್ತಾರೆ. ಇಂದ್ರನು ಧ್ವಜದಂಡದಿಂದ ಬಡಿದರೂ ಅಡ್ಡಿ ಪೂರ್ತಿ ನಿಲ್ಲುವುದಿಲ್ಲ. ಬಳಿಕ ಬ್ರಹ್ಮನು ಮುನಿದವರೊಡನೆ ತಾನೇ ಮಾತಿಗೆ ತೊಡಗಿ, ಅವರ ಕೋಪದ ಕಾರಣವನ್ನು ಕೇಳಿ, ಈ ನಾಟ್ಯವು ದೇವತೆಗಳದು ಮಾತ್ರವೇ ಅಲ್ಲ, ಮೂರು ಲೋಕಗಳ ಭಾವಗಳನ್ನೂ ತೋರಿಸುವಂಥದ್ದು ಎಂದು ಅವರಿಗೆ ತಿಳಿಯಹೇಳುತ್ತಾನೆ.