ಹೊತ್ತು ಯಾರ ಕೈಯಲ್ಲಿ?

ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಗೆ ತಿದ್ದುಪಡಿ ತರುವ ಪ್ರಸ್ತಾವ 2025ರ ಜೂನ್‌ನಲ್ಲಿ ಮುಂದೆ ಬಂತು. ದಿನಕ್ಕೆ 9 ಗಂಟೆಯ ದುಡಿಮೆಯನ್ನು 10ಕ್ಕೆ, ಓವರ್‌ಟೈಮ್ ಸೇರಿದರೆ 12ಕ್ಕೆ ಏರಿಸುವುದು ಅದರ ಸಾರ. ಐಟಿ ನೌಕರರ ಸಂಘ ಕೂಡಲೇ ವಿರೋಧಿಸಿತು. ವಿರೋಧಕ್ಕೆ ಆಧಾರವಿತ್ತು. ವಾರಕ್ಕೆ 55 ಗಂಟೆ ಮತ್ತು ಅದಕ್ಕಿಂತ ಹೆಚ್ಚು ದುಡಿದುದರಿಂದ 2016ರಲ್ಲಿ 7 ಲಕ್ಷ 45 ಸಾವಿರ ಜನ ಪಾರ್ಶ್ವವಾಯು, ಹೃದ್ರೋಗಗಳಿಂದ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಅಂದಾಜು ಮಾಡಿದ್ದವು.

ಆದರೆ ಚರ್ಚೆಯೆಲ್ಲ ಗಂಟೆಗಳ ಎಣಿಕೆಯಲ್ಲೇ ಮುಗಿಯಿತು. ಆ ಗಂಟೆಗಳು ದಿನದ ಯಾವ ಹೊತ್ತಿಗೆ ಬೀಳಬೇಕು, ಅದನ್ನು ತೀರ್ಮಾನಿಸುವವರು ಯಾರು ಎಂಬ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ದುಡಿಯುವವರ ಮೈಮನಸ್ಸಿಗೂ ಅವರ ಮನೆಯವರಿಗೂ ಈ ಪ್ರಶ್ನೆ ಎಣಿಕೆಯಷ್ಟೇ ದೊಡ್ಡದು.

ಇದಕ್ಕೆ ಒಳ್ಳೆಯ ಪುರಾವೆ ಸಿಕ್ಕಿದ್ದು ಅಮೆರಿಕದಲ್ಲಿ. 2010ರ ಆಸುಪಾಸಿನಲ್ಲಿ ಎರಿನ್ ಕೆಲ್ಲಿ, ಫಿಲ್ಲಿಸ್ ಮೋಯೆನ್ ಮತ್ತು ಅವರ ಸಂಗಡಿಗರು ಅಲ್ಲಿನ ದೊಡ್ಡ ಕಂಪನಿಯೊಂದರ ಐಟಿ ವಿಭಾಗದಲ್ಲಿ ‘ಸ್ಟಾರ್’ ಎಂಬ ಪ್ರಯೋಗ ನಡೆಸಿದರು. ಚೀಟಿ ಎತ್ತುವ ರೀತಿಯಲ್ಲಿ ತಂಡಗಳನ್ನು ಆರಿಸಿ, ಕೆಲವಕ್ಕೆ ಹೊಸ ಪದ್ಧತಿ, ಉಳಿದವಕ್ಕೆ ಹಳೆಯ ಪದ್ಧತಿ ಎಂದು ಇಟ್ಟರು. ಹೊಸ ಪದ್ಧತಿಯ ತಂಡದವರು ಎಲ್ಲಿ ಕೂತು, ಯಾವಾಗ ಕೆಲಸ ಮಾಡುವುದೆಂದು ತಾವೇ ನಿರ್ಧರಿಸಬಹುದಿತ್ತು. ನೌಕರರ ಮನೆಯ ಕಷ್ಟಸುಖ ಕೇಳುವುದೂ ತಮ್ಮ ಹೊಣೆ ಎಂದು ಮ್ಯಾನೇಜರುಗಳಿಗೆ ತರಬೇತಿ ಕೊಡಲಾಯಿತು.

ದುಡಿಮೆಯ ಗಂಟೆಗಳೇನೂ ಕಡಿಮೆಯಾಗಲಿಲ್ಲ. ಆದರೂ ದಣಿವು, ಒತ್ತಡ ಇಳಿದವು. ಕೈಗೆ ಕಟ್ಟಿದ ಉಪಕರಣದ ಲೆಕ್ಕದಲ್ಲಿ ನಿದ್ರೆ ರಾತ್ರಿಗೆ ಸರಾಸರಿ 8 ನಿಮಿಷ ಹೆಚ್ಚಿತು. ಇದು ಸಣ್ಣ ಸಂಖ್ಯೆಯೇ. ದೊಡ್ಡ ಬದಲಾವಣೆ ಕಂಡದ್ದು ಮನೆಯೊಳಗೆ. ಪ್ರಯೋಗದಲ್ಲಿದ್ದ ತಂದೆತಾಯಿ ಮಕ್ಕಳ ಜೊತೆ ಕಳೆಯುವ ಸಮಯ ದಿನಕ್ಕೆ ಸರಾಸರಿ 39 ನಿಮಿಷ ಏರಿತು. ಹದಿಹರೆಯದ ಮಕ್ಕಳ ನಿದ್ರೆಯೂ ಹಳೆಯ ಪದ್ಧತಿಯಲ್ಲೇ ಉಳಿದವರ ಮಕ್ಕಳಿಗೆ ಹೋಲಿಸಿದರೆ ಹದಕ್ಕೆ ಬಂತು. ಕಚೇರಿಯ ನಿಯಮವೊಂದು ಆ ಕಚೇರಿಯನ್ನೇ ನೋಡಿರದ ಮಕ್ಕಳ ರಾತ್ರಿಯನ್ನು ತಿದ್ದಿತು. ಹೃದಯದ ಆರೋಗ್ಯಕ್ಕೆ ಹೆಚ್ಚು ಅಪಾಯವಿದ್ದ ನೌಕರರಲ್ಲಿ ಆ ಅಪಾಯ ಇಳಿದುದನ್ನು 2023ರಲ್ಲಿ ಲೀಸಾ ಬರ್ಕ್‌ಮನ್ ಮತ್ತು ಸಂಗಡಿಗರು ಪ್ರಕಟಿಸಿದರು.

ಹೀಗೇಕೆ ಆಗುತ್ತದೆ? ಲಂಡನ್‌ನ ಸರ್ಕಾರಿ ನೌಕರರ ಮೇಲೆ ದಶಕಗಳ ಕಾಲ ನಡೆದ ವೈಟ್‌ಹಾಲ್ ಅಧ್ಯಯನ ಇದಕ್ಕೊಂದು ಸುಳಿವು ಕೊಟ್ಟಿತ್ತು: ತಮ್ಮ ಕೆಲಸದ ಮೇಲೆ ಹಿಡಿತ ಇಲ್ಲದವರಲ್ಲಿ ಹೃದ್ರೋಗ ಹೆಚ್ಚು. ಮಗುವಿಗೆ ಜ್ವರ ಬಂದಾಗ ಆಸ್ಪತ್ರೆಗೆ ಹೋಗಿಬರಲು ಎರಡು ಗಂಟೆ ಸಾಕು. ಆ ಎರಡು ಗಂಟೆಗೆ ಯಾರ ಮುಂದೆ ನಿಂತು, ಯಾವ ಮುಖಭಾವ ಸಹಿಸಿ, ಏನು ಕಾರಣ ಹೇಳಬೇಕು ಎಂಬ ಚಿಂತೆ ಮಾತ್ರ ಹಿಂದಿನ ರಾತ್ರಿಯೇ ಶುರುವಾಗುತ್ತದೆ. ದೇಹಕ್ಕೆ ಪೆಟ್ಟು ಕೊಡುವುದರಲ್ಲಿ ಈ ಚಿಂತೆಯ ಪಾಲು ದೊಡ್ಡದು.

ಅದಕ್ಕೇ ಸ್ಟಾರ್ ಪ್ರಯೋಗದ ಒಂದು ಅಂಶವನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಅಲ್ಲಿ ಯಾರೂ ಅರ್ಜಿ ಹಾಕಬೇಕಿರಲಿಲ್ಲ. ಸೌಲಭ್ಯ ತಾಯಂದಿರಿಗಷ್ಟೇ ಎಂಬ ಗೆರೆ ಇರಲಿಲ್ಲ. ಇಡೀ ತಂಡವೇ ಬದಲಾದ್ದರಿಂದ, ಬೇಗ ಹೊರಟವರನ್ನು ಕೆಲಸಗಳ್ಳರಂತೆ ನೋಡುವ ಕಣ್ಣುಗಳಿಗೆ ಅಲ್ಲಿ ಬಲ ಉಳಿಯಲಿಲ್ಲ. ನಮ್ಮ ಕಾನೂನು ಹಿಡಿದಿರುವ ದಾರಿ ಬೇರೆ. 2017ರಲ್ಲಿ ತಿದ್ದುಪಡಿಯಾದ ಹೆರಿಗೆ ಸೌಲಭ್ಯ ಕಾಯ್ದೆ 26 ವಾರಗಳ ರಜೆಯ ನಂತರ ಮನೆಯಿಂದ ಕೆಲಸ ಮಾಡಲು ಅವಕಾಶ ಕೊಟ್ಟಿತು, ಅದೂ ಕೆಲಸದ ಸ್ವರೂಪ ಒಪ್ಪಿದರೆ, ಮಾಲೀಕರು ಒಪ್ಪಿದರೆ. ಬಾಣಂತಿ ಒಬ್ಬಳೇ ಮಾತಾಡಿ ಒಪ್ಪಿಸಬೇಕಾದ ಈ ಏರ್ಪಾಡು ಹಕ್ಕಿಗಿಂತ ಔದಾರ್ಯಕ್ಕೆ ಹತ್ತಿರ. ಮಗುವಿನ ತಂದೆಯ ಮಾತಂತೂ ಇಲ್ಲವೇ ಇಲ್ಲ.

ತಂದೆಯನ್ನು ಬಿಟ್ಟಿದ್ದರ ಪರಿಣಾಮ ಸಣ್ಣದಲ್ಲ. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ ಕೊಡುತ್ತಾರೆ. ಗಂಡಸರು ಕೊಡುವುದು 88 ನಿಮಿಷ. ಇಂಥ ಮನೆಗೆ ಲ್ಯಾಪ್‌ಟಾಪ್ ಬಂದು ಕೂತರೆ ಕುಕ್ಕರ್ ಕೂಗಿನ ನಡುವೆ ಮೀಟಿಂಗ್, ಮಕ್ಕಳು ಮಲಗಿದ ಮೇಲೆ ಅಮೆರಿಕದ ಕಾಲ್. ವರ್ಕ್ ಫ್ರಂ ಹೋಮ್ ಎಂದರೆ ಬಿಡುವು ಎಂದು ನಂಬಿದವರು ಈ ದಿನಚರಿಯನ್ನು ಒಮ್ಮೆ ನೋಡಬೇಕು. ಜಾಗ ಬದಲಾಯಿತು, ಹೊತ್ತಿನ ಹಿಡಿತ ಮಾತ್ರ ಇದ್ದಲ್ಲೇ ಇತ್ತು.

ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ಗಳಲ್ಲಿ ಇದೆಲ್ಲ ಆಗುವ ಮಾತೇ ಎಂಬ ಆಕ್ಷೇಪ ಬಂದೇ ಬರುತ್ತದೆ. ಹೊಲಿಗೆ ಮಿಷನ್ ಮನೆಗೆ ಹೊತ್ತೊಯ್ಯಲು ಆಗದು, ನಿಜ. ಆದರೆ ಅಮೆರಿಕದ ವೃದ್ಧರ ಆರೈಕೆ ಕೇಂದ್ರಗಳಲ್ಲೂ ಕೆಲಸ ಮನೆಗೆ ಹೋಗುವುದಿಲ್ಲ. ಅಂಥ ಕೇಂದ್ರಗಳಲ್ಲಿ 2010ರಲ್ಲಿ ಬರ್ಕ್‌ಮನ್ ಕಂಡದ್ದು ಇದು: ಮನೆಯ ಕಷ್ಟಕ್ಕೆ ಕಿವಿಗೊಡದ ಮ್ಯಾನೇಜರ್ ಕೈಕೆಳಗಿನವರು ದಿನಕ್ಕೆ 29 ನಿಮಿಷ ಕಡಿಮೆ ನಿದ್ರಿಸುತ್ತಿದ್ದರು, ಹೃದ್ರೋಗಕ್ಕೆ ದಾರಿಯಾಗುವ ಲಕ್ಷಣಗಳೂ ಅವರಲ್ಲಿ ಹೆಚ್ಚಿದ್ದವು. ಟಾರ್ಗೆಟ್ ಮುಗಿಸುವ ಒತ್ತಡದಲ್ಲಿರುವ ಕಾರ್ಖಾನೆಯಲ್ಲೂ ಪಾಳಿಯ ಪಟ್ಟಿಯನ್ನು ಎರಡು ವಾರ ಮೊದಲೇ ಹಾಕಬಹುದು. ಓವರ್‌ಟೈಮನ್ನು ಸಂಜೆ ಐದಕ್ಕೆ ದಿಢೀರನೆ ಹೇರದೆ ಇರಬಹುದು. ಇಬ್ಬರು ಗೆಳತಿಯರು ಪಾಳಿ ಅದಲುಬದಲು ಮಾಡಿಕೊಳ್ಳಲು ಬಿಡಬಹುದು. ಬಸ್ಸು ಹಿಡಿದು ಹಳ್ಳಿ ಸೇರಬೇಕಾದ ಹೆಣ್ಣುಮಗಳಿಗೆ ಇಂಥ ಸಣ್ಣ ಖಾತರಿಗಳೇ ದೊಡ್ಡ ಆರೋಗ್ಯ.

ಸ್ಟಾರ್ ಪ್ರಯೋಗದ ಮುಂದಿನ ಕಥೆ ನೋವಿನದು. ಆ ಕಂಪನಿ ಇನ್ನೊಂದರೊಡನೆ ವಿಲೀನವಾಯಿತು, ಹೊಸ ಆಡಳಿತ ಆ ಪದ್ಧತಿಯನ್ನು ರದ್ದು ಮಾಡಿತು. ಫಲಿತಾಂಶ ಚೆನ್ನಾಗಿದ್ದರೂ ಅದು ಉಳಿಯಲಿಲ್ಲ, ಏಕೆಂದರೆ ಅದನ್ನು ಕಾಯುವ ಕಾನೂನು ಇರಲಿಲ್ಲ. ಕರ್ನಾಟಕದ ಕೈಯಲ್ಲಿ ಒಂದು ಸಾಧನ ಈಗಾಗಲೇ ಇದೆ. ನೌಕರಿಯ ನಿಯಮಗಳನ್ನು ಕಂಪನಿ ಬರೆದಿಡಬೇಕೆಂದಿದ್ದ ಸ್ಥಾಯಿ ಆದೇಶಗಳ ಕಾಯ್ದೆಯಿಂದ ಐಟಿ ಕಂಪನಿಗಳಿಗೆ ಕೊಟ್ಟ ವಿನಾಯಿತಿಯನ್ನು ಸರ್ಕಾರ 2024ರಲ್ಲಿ ಮತ್ತೆ ಐದು ವರ್ಷಕ್ಕೆ ವಿಸ್ತರಿಸಿತು, ಲೈಂಗಿಕ ಕಿರುಕುಳದ ದೂರು ಸಮಿತಿ, ಕುಂದುಕೊರತೆ ಸಮಿತಿ ಇರಲೇಬೇಕೆಂಬ ಷರತ್ತುಗಳೊಂದಿಗೆ. ಕೆಲಸದ ಹೊತ್ತನ್ನು ತಂಡದವರೇ ಕೂಡಿ ನಿರ್ಧರಿಸಬೇಕು, ಕೆಲಸದ ಹೊತ್ತು ಮುಗಿದ ಮೇಲೆ ಫೋನ್ ಎತ್ತದವರನ್ನು ಶಿಕ್ಷಿಸಬಾರದು ಎಂಬ ಇನ್ನೆರಡು ಷರತ್ತುಗಳನ್ನು ಇಂಥ ವಿನಾಯಿತಿಗೆ ಸೇರಿಸಬಹುದು. ಇದಕ್ಕೆ ಬೊಕ್ಕಸದಿಂದ ದೊಡ್ಡ ಖರ್ಚೇನೂ ಬೇಕಿಲ್ಲ, ಹೊಸ ಇಲಾಖೆಯನ್ನೂ ತೆರೆಯಬೇಕಿಲ್ಲ.