ದಿಗ್ವ್ರತ ಮತ್ತು ಚಲಿಸುವ ಮನೆ

ಶ್ರಾವಕನ ಐದು ಅಣುವ್ರತಗಳನ್ನು ಕುರಿತು ನಮ್ಮಲ್ಲಿ ಪ್ರವಚನಗಳು ಆಗಾಗ ನಡೆಯುತ್ತವೆ. ಆ ವ್ರತಗಳಿಗೆ ಬೇಲಿಯಂತಿರುವ ಗುಣವ್ರತಗಳ ವಿಚಾರ ಮಾತ್ರ ಅಪರೂಪ. ಅವುಗಳಲ್ಲಿ ಮೊದಲನೆಯದಾದ ದಿಗ್ವ್ರತವಂತೂ ವಿಮಾನಯಾನದ ಈ ಕಾಲದಲ್ಲಿ ಪಾಠಶಾಲೆಯ ಪುಸ್ತಕದಲ್ಲಷ್ಟೇ ಉಳಿದಂತಿದೆ. ಜಯನಗರದ ಹಿರಿಯ ಶ್ರಾವಕರೊಬ್ಬರು ಈಚೆಗೆ ಕೇಳಿದ ಪ್ರಶ್ನೆಯೊಂದು ನನ್ನನ್ನು ಮತ್ತೆ ಆ ವ್ರತದ ಕಡೆಗೆ ಹೊರಳಿಸಿತು.

ಅವರು ಪತ್ನೀಸಮೇತರಾಗಿ ಅಮೆರಿಕದಲ್ಲಿರುವ ಮಗನ ಮನೆಗೆ ಹೋಗಿದ್ದರು. ಮಗ ಒಂದು ಮೋಟಾರು ಮನೆಯನ್ನು ಬಾಡಿಗೆಗೆ ಪಡೆದು, ಪಶ್ಚಿಮದ ಮರುಭೂಮಿಯ ಕಮರಿಗಳನ್ನೆಲ್ಲ ತೋರಿಸಿದ. ಝಯಾನ್, ಬ್ರೈಸ್, ಆರ್ಚಸ್, ಕೊನೆಗೆ ಗ್ರ್ಯಾಂಡ್ ಕ್ಯಾನ್ಯನ್. ಒಟ್ಟು ಸುಮಾರು 1,800 ಕಿ.ಮೀ. ಹಿಂದಿರುಗಿದ ಮೇಲೆ ಅವರು ಕೇಳಿದರು: “ಇದು ತೀರ್ಥಯಾತ್ರೆಯಲ್ಲ, ವ್ಯಾಪಾರವಲ್ಲ, ಬಂಧುಕಾರ್ಯವೂ ಅಲ್ಲ. ಬರಿದೆ ನೋಡುವುದಕ್ಕಾಗಿ ಅಷ್ಟು ಸುತ್ತಿದೆನಲ್ಲ, ಇದು ದೋಷವೇ?”

ಈ ವಾಹನದ ಪರವಾಗಿ ಹೇಳಬಹುದಾದ ಮಾತನ್ನು ಮೊದಲು ಹೇಳಬೇಕು. ಅದರೊಳಗೆ ಅಡುಗೆಯ ಒಲೆಯಿದೆ, ನೀರಿನ ತೊಟ್ಟಿಯಿದೆ. ಆ ದಂಪತಿಗಳು ನೀರನ್ನು ಸೋಸಿ ಕುಡಿದರು. ಕಂದಮೂಲಗಳಿಲ್ಲದ ಅಡುಗೆಯನ್ನು ತಾವೇ ಮಾಡಿಕೊಂಡು ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸಿದರು. ಹೋಟೆಲನ್ನು ನೆಚ್ಚಿ ಹೊರಟಿದ್ದರೆ ಈ ನಿಯಮಗಳು ಉಳಿಯುವುದು ಕಷ್ಟವಿತ್ತು. ಆದರೆ ಆಹಾರದ ನಿಯಮವನ್ನು ಕಾಪಾಡಿದ ಅದೇ ವಾಹನ ಹಾಸಿಗೆ, ಶೈತ್ಯಪೆಟ್ಟಿಗೆ, ಸ್ನಾನಗೃಹಗಳನ್ನೂ ಹೊತ್ತು ಸಾಗಿತು. ಅಂಥ ವಾಹನ ಒಂದು ಲೀಟರ್ ಪೆಟ್ರೋಲಿಗೆ ಸುಮಾರು ನಾಲ್ಕು ಕಿ.ಮೀ. ಮಾತ್ರ ಓಡುತ್ತದೆ. ಎಂದರೆ ಆ ಪ್ರವಾಸದಲ್ಲಿ ಉರಿದುದು ನಾನೂರಕ್ಕೂ ಹೆಚ್ಚು ಲೀಟರ್. ಮುನಿಗಳು ಮನೆಯನ್ನು ಬಿಟ್ಟು ವಿಹರಿಸುತ್ತಾರೆ. ನಾವು ಮನೆಯನ್ನೇ ಜೊತೆಗೆ ಒಯ್ಯುತ್ತೇವೆ.

ಆರ್ಚಸ್ ಉದ್ಯಾನದಲ್ಲಿ ಅವರು ಕಂಡ ಸಂಗತಿ ಇನ್ನೂ ಗಮನಾರ್ಹವಾದುದು. ಅಲ್ಲಿಯ ಮರಳಿನ ಮೇಲೆ ಕಪ್ಪುಬಣ್ಣದ ಉಬ್ಬುತಗ್ಗಾದ ಹೊರಪದರವೊಂದಿದೆ. ಸೂಕ್ಷ್ಮಜೀವಿಗಳು, ಕಲ್ಲುಹೂವು, ಪಾಚಿಗಳು ಕೂಡಿ ಅದನ್ನು ಕಟ್ಟಿವೆ. ಮರಳು ಹಾರಿಹೋಗದಂತೆ ಹಿಡಿದಿಡುವುದು ಅದೇ. ಒಂದು ಹೆಜ್ಜೆ ಬಿದ್ದರೆ ಅದು ಪುಡಿಯಾಗುತ್ತದೆ, ಮತ್ತೆ ಬೆಳೆಯಲು ದಶಕಗಳೇ ಬೇಕು. ಆದ್ದರಿಂದ ಕಾಲುದಾರಿಯನ್ನು ಬಿಟ್ಟು ನಡೆಯಬಾರದೆಂದು ಅಲ್ಲಿ ಫಲಕಗಳಿವೆ. ನಾಲ್ಕು ಮೊಳ ಮುಂದಿನ ನೆಲವನ್ನು ನೋಡಿ ಹೆಜ್ಜೆಯಿಡಬೇಕೆಂಬ ಈರ್ಯಾಸಮಿತಿಯ ನಿಯಮವನ್ನೂ, ವರ್ಷಾಕಾಲದಲ್ಲಿ ಮುನಿಗಳು ಒಂದೆಡೆ ನಿಲ್ಲುವ ಚಾತುರ್ಮಾಸವನ್ನೂ ಬಲ್ಲ ನಮಗೆ ಆ ಫಲಕ ಪರಕೀಯವಲ್ಲ. ನೆಲ ಸಜೀವವೆಂಬುದನ್ನು ಮರುಭೂಮಿಯೂ ಹೇಳುತ್ತಿದೆ.

ಇನ್ನು ಶಾಸ್ತ್ರವೇನೆನ್ನುತ್ತದೆ? ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ನಿಷ್ಪ್ರಯೋಜನವಾಗಿ ತಿರುಗುವುದನ್ನೂ, ಇತರರನ್ನು ತಿರುಗಿಸುವುದನ್ನೂ ಪ್ರಮಾದಚರ್ಯೆಯಲ್ಲಿ ಸೇರಿಸುತ್ತಾರೆ. ಇದು ಅನರ್ಥದಂಡದ ಒಂದು ಭೇದ. ಹಾಗಾದರೆ ನೋಡುವುದು ನಿಷ್ಪ್ರಯೋಜನವೇ? ನಾನು ಈ ಮಾತನ್ನೆತ್ತಿದಾಗ ಹಿರಿಯರು ಲಾಲ್‌ಬಾಗಿನ ಬಂಡೆಯನ್ನು ನೆನೆದರು. ಕೆಂಪೇಗೌಡರ ಗೋಪುರವಿರುವ ಆ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು. ಗ್ರ್ಯಾಂಡ್ ಕ್ಯಾನ್ಯನ್ ತಳದ ಪುರಾತನ ಶಿಲೆಗಳಿಗೆ ಇನ್ನೂರು ಕೋಟಿ ವರ್ಷವೂ ಆಗಿಲ್ಲ. ನಾನು ಅವರನ್ನು ಆಕ್ಷೇಪಿಸಲು ಸಿದ್ಧನಾಗುವಷ್ಟರಲ್ಲಿ ಅವರೇ ಹೇಳಿದರು: “ಮೂವತ್ತು ವರ್ಷ ಆ ಬಂಡೆಯ ಪಕ್ಕದಲ್ಲೇ ನಡೆದಾಡಿದೆ. ಅಲ್ಲಿಗೆ ಹೋಗಿ ಬಂದ ಮೇಲೆಯೇ ಅದು ನನ್ನ ಕಣ್ಣಿಗೆ ಬಿದ್ದದ್ದು.” ಈ ಮಾತಿನಲ್ಲೂ ಸತ್ಯದ ಅಂಶವಿದೆಯೆಂದು ಅನೇಕಾಂತವನ್ನು ನಂಬಿದವನು ಒಪ್ಪಲೇಬೇಕು.

ಆದರೆ ಒಪ್ಪಿದಲ್ಲಿಗೆ ವಿಚಾರ ಮುಗಿಯುವುದಿಲ್ಲ. ಒಂದು ಪ್ರವಾಸ ಕಣ್ಣು ತೆರೆಸಿತೆಂಬುದು ಇನ್ನೊಂದಕ್ಕೆ ಕಾರಣವಾಗಲಾರದು. ತೆರೆದ ಕಣ್ಣಿಗೆ ಲಾಲ್‌ಬಾಗೂ ಸಾಕಾಗಬೇಕು. ದಿಗ್ವ್ರತ ಪ್ರಯಾಣವನ್ನು ನಿಷೇಧಿಸುವುದಿಲ್ಲ. ಸಮುದ್ರ, ನದಿ, ಪರ್ವತಗಳನ್ನು ಗುರುತಾಗಿಟ್ಟು, ಇದರಾಚೆಗೆ ಹೋಗೆನೆಂದು ಜೀವಮಾನಕ್ಕೆ ಎಲ್ಲೆ ಕಟ್ಟಿಕೊಳ್ಳುವುದು ಅದರ ಸ್ವರೂಪ. ಎಲ್ಲೆಯ ಆಚೆ ಶ್ರಾವಕನ ಅಣುವ್ರತವೇ ಮಹಾವ್ರತದಂತಾಗುತ್ತದೆ, ಏಕೆಂದರೆ ಅಲ್ಲಿಯ ಜೀವಿಗಳಿಗೆ ಅವನಿಂದ ಭಯವಿಲ್ಲ. ಎಲ್ಲೆಯನ್ನು ಆಸೆ ಹುಟ್ಟುವ ಮೊದಲೇ ಕಟ್ಟಬೇಕು. ಆಸೆ ಬಂದಾಗಲೆಲ್ಲ ಅದನ್ನು ಸರಿಸುವುದೇ ಕ್ಷೇತ್ರವೃದ್ಧಿಯೆಂಬ ಅತಿಚಾರ.

ಹಿರಿಯರ ಪ್ರಶ್ನೆಗೆ ನನ್ನ ಉತ್ತರವಿಷ್ಟು: ದೂರ ಹೋದುದಕ್ಕಿಂತ, ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಹೋದುದು ದೋಷ. ಅದು ಅವರೊಬ್ಬರದಲ್ಲ, ನಮ್ಮೆಲ್ಲರದು. ಜೀವಮಾನದ ಎಲ್ಲೆ ಕಠಿಣವೆನಿಸಿದವರಿಗೆ ದೇಶವ್ರತವಿದೆ. ಮುಂದಿನ ಚಾತುರ್ಮಾಸದಲ್ಲಿ ವಾರಕ್ಕೊಂದು ದಿನವಾದರೂ ನಮ್ಮ ಬಡಾವಣೆಯ ಎಲ್ಲೆಯನ್ನು ದಾಟೆವೆಂದು ನಿಯಮ ಹಿಡಿಯಬಹುದು. ಇಂದ್ರಗಿರಿಯ ಮೇಲೆ ಬಾಹುಬಲಿಸ್ವಾಮಿ ನಿಂತಿದ್ದಾನೆ. ಅವನ ತೊಡೆತೋಳುಗಳಿಗೆ ಬಳ್ಳಿ ಹಬ್ಬಿದೆ. ಅವನನ್ನು ಕಾಣಲು ನಾವು ಮತ್ತೆ ಮತ್ತೆ ಪ್ರಯಾಣ ಮಾಡುತ್ತೇವೆ. ಒಂದು ದಿನವಾದರೂ ಅವನಂತೆ ನಿಂತು ನೋಡೋಣ.